ಎಲೆ ಹಸಿರಿದ್ದ ಮಾತ್ರಕ್ಕೆ ಅಡುಗೆ ನಡೆಯುತ್ತಿದೆ ಅಂತಲ್ಲ

ಅಣ್ಣಾ, ನಾಟಿ ಮಾಡಿ 30 ದಿನ ಆದ ಭತ್ತದ ಎಲೆ ಎಷ್ಟು ಆಹಾರ ತಯಾರಿಸುತ್ತಿದೆ ಅಂತ ಅಳೆಯಲು ಆ ಕ್ಲಿಪ್ ಮೀಟರ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ತಗೋಬೇಡಿ.

ನೀವು ಫೋಟೊ ಹಾಕಿರುವುದು ಸ್ಪ್ಯಾಡ್ ಮೀಟರ್. ಅದು ಎಲೆಯ ಮೂಲಕ ಬೆಳಕು ಹಾಯಿಸಿ ಹಸಿರು ಎಷ್ಟಿದೆ ಅಂತ ಹೇಳುತ್ತದೆ, ಅಷ್ಟೇ. ಮನೆಯಲ್ಲಿ ಒಲೆ ಎಷ್ಟಿವೆ ಅಂತ ಎಣಿಸಿದ ಹಾಗೆ. ಉರಿಯುತ್ತಿವೆಯಾ ಅಂತ ಗೊತ್ತಾಗಲ್ಲ. ಗದ್ದೆ ಒಣಗಿ ಎಲೆ ಸುರುಳಿ ಸುತ್ತಲು ಶುರುವಾದರೂ ಹಸಿರು ತಕ್ಷಣ ಹೋಗಲ್ಲ, ಮೀಟರ್ ಒಳ್ಳೆ ಅಂಕಿಯನ್ನೇ ತೋರಿಸುತ್ತದೆ.

ದ್ಯುತಿಸಂಶ್ಲೇಷಣೆಯನ್ನೇ, ಅಂದರೆ ಎಲೆ ಬೆಳಕಿನಿಂದ ಆಹಾರ ತಯಾರಿಸುವುದನ್ನೇ, ಅಳೆಯುವ ಯಂತ್ರ ಬೇರೆ. ಒಮ್ಮೆ ಕೃಷಿ ವಿದ್ಯಾರ್ಥಿಗಳು ನಮ್ಮ ಗದ್ದೆಗೆ ತಂದಿದ್ದರು. ಬದುವಿನ ಮೇಲೆ ಪೆಟ್ಟಿಗೆ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಎಲೆಯನ್ನು ಕಚ್ಚಿ ಹಿಡಿಯುವ ಪುಟ್ಟ ಡಬ್ಬಿ. ಡಬ್ಬಿಯೊಳಗೆ ಗಾಳಿ ಬಿಡುತ್ತಾರೆ. ಒಳಗೆ ಹೋದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು, ಹೊರಗೆ ಬಂದದ್ದರಲ್ಲಿ ಎಷ್ಟು ಉಳಿಯಿತು ಅಂತ ನೋಡುತ್ತಾರೆ. ಕಮ್ಮಿಯಾದದ್ದೇ ಎಲೆ ತಿಂದದ್ದು. ಗಾಳಿಯಲ್ಲಿ ಅದು ಇರುವುದೇ ಹತ್ತು ಲಕ್ಷಕ್ಕೆ ಸುಮಾರು 420 ಪಾಲು, ಅದರಲ್ಲಿ ಸ್ವಲ್ಪ ಇಳಿದದ್ದನ್ನು ಹಿಡಿಯಬೇಕು. ಬೆಲೆ ಲಕ್ಷಗಟ್ಟಲೆ ಇರೋದು ಅದಕ್ಕೇ. ನಾನು ಬಗ್ಗಿ ನೋಡುತ್ತಾ ಏನೋ ಕೇಳಿದೆ, 'ಇಲ್ಲಿ ಉಸಿರು ಬಿಡಬೇಡಿ' ಅಂದರು! ನಮ್ಮ ಉಸಿರೂ ಲೆಕ್ಕ ಕೆಡಿಸುತ್ತದಂತೆ. ಒಂದು ಮೋಡ ಬಂತು, ಅಂಕಿ ಸರ್ರನೆ ಇಳಿಯಿತು. 11 ಗಂಟೆಯೊಳಗೆ ಮುಗಿಸಿಕೊಂಡು ಹೋದರು. ನೆತ್ತಿ ಬಿಸಿಲಿಗೆ ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳತೊಡಗಿ ಅಂಕಿ ಇಳಿದುಬಿಡಬಹುದು.

ನಮಗೆ ಬೇಕಿರುವುದು ಅಷ್ಟೆಲ್ಲ ಅಲ್ಲ, ಸಾರಜನಕದ ಮೇಲುಗೊಬ್ಬರ (ಯೂರಿಯಾ) ಈಗ ಕೊಡಬೇಕಾ ಬೇಡವಾ ಅನ್ನೋದು, ಅಲ್ವಾ? ಎಲೆಯಲ್ಲಿರುವ ಸಾರಜನಕದ ಬಹುಪಾಲು ಆ ಅಡುಗೆಯ ಸರಂಜಾಮಿನಲ್ಲೇ ಇರುತ್ತದೆ. ಅದು ಕಮ್ಮಿಯಾದರೆ ಎಲೆಯ ಹಸಿರು ತೆಳುವಾಗುತ್ತದೆ. ಅದನ್ನು ನೋಡಲು ಎಲೆ ಬಣ್ಣದ ಪಟ್ಟಿ ಸಾಕು: ತೆಳು ಹಸಿರಿನಿಂದ ಕಡು ಹಸಿರಿನವರೆಗೆ ಬಣ್ಣಗಳಿಗೆ ಅಂಕಿ ಹಾಕಿರುವ ಪಟ್ಟಿ, ಬೆಲೆಯೂ ಕಮ್ಮಿ. ಬೆಳಿಗ್ಗೆ 8ರಿಂದ 10ರೊಳಗೆ ಗದ್ದೆಗೆ ಇಳಿಯಿರಿ. ಅಲ್ಲಲ್ಲಿ ಹತ್ತು ಗುಣಿ (ಪೈರಿನ ಬುಡ) ಆರಿಸಿ. ಪೂರ್ತಿ ಬಿಚ್ಚಿಕೊಂಡ ಎಲೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಕೀಳದೆ, ನಡುಭಾಗವನ್ನು ಪಟ್ಟಿಯ ಮೇಲಿಟ್ಟು ನೋಡಿ. ಹತ್ತರಲ್ಲಿ ಆರು ಅಥವಾ ಹೆಚ್ಚು ಎಲೆಗಳ ಬಣ್ಣ 4ನೇ ಬಣ್ಣಕ್ಕಿಂತ ತೆಳುವಾಗಿದ್ದರೆ ಯೂರಿಯಾ ಕೊಡಿ, ಇಲ್ಲದಿದ್ದರೆ ಸುಮ್ನೆ ಬನ್ನಿ. ನೇರ ಬಿತ್ತನೆಯ ಭತ್ತಕ್ಕೆ 3ನೇ ಬಣ್ಣ ನೋಡಬೇಕು. ಹೂ ಬರುವ ತನಕ ವಾರ, ಹತ್ತು ದಿನಕ್ಕೊಮ್ಮೆ ಹೀಗೇ, ಪ್ರತಿ ಸಲ ಒಬ್ಬರೇ ನೋಡಿದರೆ ಒಳ್ಳೆಯದು.

ಬಿಸಿಲಿಗೆ ಬೆನ್ನು ಹಾಕಿ, ನಿಮ್ಮ ನೆರಳಲ್ಲೇ ಪಟ್ಟಿ ಹಿಡಿಯಿರಿ. ಮೊದಲ ವರ್ಷ ನಾನು ಬಿಸಿಲಿಗೆ ನೇರ ಹಿಡಿದೆ. ಎಲೆ ಬಿಳಿಚಿದ ಹಾಗೆ ಕಂಡಿತು, ಅರ್ಧ ಮೂಟೆ ಯೂರಿಯಾ ಎರಚಿಬಿಟ್ಟೆ. ಬೆಳೆ ಕಪ್ಪು ಹಸಿರಾಗಿ ಸೊಕ್ಕಿ ನಿಂತಿತು, ಅದರ ಹಿಂದೆಯೇ ಬೆಂಕಿ ರೋಗ ಬಂತು. ಪಟ್ಟಿಯದೇನೂ ತಪ್ಪಿಲ್ಲ.

ಇನ್ನೊಂದು, ಬಣ್ಣ ಯಾವಾಗಲೂ ಸಾರಜನಕದ ಕತೆಯನ್ನೇ ಹೇಳಲ್ಲ. ರಂಜಕ ಕಮ್ಮಿಯಾದರೆ ಗಿಡ ಕುಳ್ಳಗಿದ್ದು ಎಲೆ ಕಡು ಹಸಿರಾಗಿಯೇ ಇರುತ್ತದೆ. ಸತುವು ಕಮ್ಮಿಯಾದರೆ ಕೆಳಗಿನ ಎಲೆಗಳ ಮೇಲೆ ತುಕ್ಕಿನಂಥ ಚುಕ್ಕೆ ಬರುತ್ತದೆ, ಅದಕ್ಕೆ ಯೂರಿಯಾ ಸುರಿದು ಪ್ರಯೋಜನವಿಲ್ಲ. ನಿಮ್ಮ ಎರಡನೇ ಫೋಟೊದ ಬಲಗಡೆ ಗುಣಿಯಲ್ಲಿ ಅಂಥದ್ದೇನೋ ಕಾಣುತ್ತಿದೆ. ಯೂರಿಯಾ ಮೂಟೆ ಬಿಚ್ಚುವ ಮೊದಲು ಆ ಎಲೆಯದೊಂದು ಹತ್ತಿರದ ಫೋಟೊ ಹಾಕಿ.