ಮಂಡಲ ಪಂಚಾಯ್ತಿ ಅಂತ ಒಂದಿತ್ತು: ಮೊಳಕಾಲ್ಮೂರಿನಿಂದ ಒಂದು ಉತ್ತರ

ನಿಮ್ಮ ತಾತನ ಮನೆಯ ಕಂದಾಯದ ರಸೀದಿಯ ಮೇಲೆ ಪಕ್ಕದೂರಿನ ಸೀಲು ಯಾಕಿದೆ ಅಂತ ಕೇಳಿದ್ದಿರಿ. ನೀವು ರಾಯದುರ್ಗದ ಕಡೆಯವರು, ಅಲ್ವಾ? ಹಾಗಾದರೆ ಮೊದಲು ಇದನ್ನು ಹೇಳಬೇಕು. ಆಂಧ್ರದಲ್ಲಿ ಮಂಡಲ ಅಂದರೆ ತಹಸೀಲ್ದಾರ್ ಕೂರುವ ಜಾಗ, ಇವತ್ತಿಗೂ ಇದೆ. ನಮ್ಮ ಕಡೆ, ಅಂದರೆ ಕರ್ನಾಟಕದ ಮೊಳಕಾಲ್ಮೂರು ಕಡೆ, ಇದ್ದ ಮಂಡಲ ಪಂಚಾಯ್ತಿ ಅದಕ್ಕಿಂತ ತುಂಬಾ ಚಿಕ್ಕದು. ಒಂದು ದೊಡ್ಡೂರು, ಸುತ್ತಲಿನ ಒಂದಷ್ಟು ಹಳ್ಳಿ, ಎಲ್ಲಾ ಸೇರಿ 8,000ದಿಂದ 12,000 ಜನ. ಈಗ ಅದು ಇಲ್ಲ.

ಅದಕ್ಕೂ ಮುಂಚೆ 1959ರ ಕಾಯ್ದೆಯ ಪಂಚಾಯ್ತಿಗಳಿದ್ದವು, ಅವುಗಳ ಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿ. 1983ರಲ್ಲಿ ಹೊಸ ಕಾಯ್ದೆ ಆಯಿತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಂಡಲಕ್ಕೊಬ್ಬರು ಪ್ರಧಾನರು, ಒಬ್ಬರು ಉಪಪ್ರಧಾನರು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲು. ದೇಶದ ಎಲ್ಲಾ ಪಂಚಾಯ್ತಿಗಳಿಗೆ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಆರು ವರ್ಷ ಮೊದಲೇ ಸಭೆಯಲ್ಲಿ ಕೂತಿದ್ದರು. ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಹೆಮ್ಮೆ ಆಗುತ್ತದೆ.

ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ನಮ್ಮದು ಶೇಂಗಾ ಬಿತ್ತಿ ಮುಗಿಲು ನೋಡುವ ಸೀಮೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಪರದಾಟ. ಊರೂರಿಗೆ ಬೋರು ಕೊರೆಸಿ ಕೈಪಂಪು ಹಾಕಿಸಿದ ಆ ಮನುಷ್ಯನನ್ನು ಜನ ನೀರ್ ಸಾಬ್ ಅಂತಲೇ ಕರೆದರು. ಹಿರಿಯರ ಬಾಯಲ್ಲಿ ಆ ಹೆಸರು ಇನ್ನೂ ಇದೆ.

1992ಕ್ಕೆ ಅವಧಿ ಮುಗಿಯಿತು. ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ಬಂದರು. 1993ರ ಕಾಯ್ದೆ ಬಂದಾಗ 5,000ದಿಂದ 7,000 ಜನಕ್ಕೊಂದು ಗ್ರಾಮ ಪಂಚಾಯ್ತಿ ಅಂತಾಗಿ, ಮಂಡಲಗಳು ಒಡೆದುಹೋದವು. ಆಫೀಸು ಹತ್ತಿರ ಬಂತು ನಿಜ. ಆದರೆ ನನ್ನ ಪ್ರಕಾರ ಮಂಡಲದ ಅಳತೆಯೇ ಸರಿಯಿತ್ತು, ಯಾಕೆಂದರೆ ಸಂತೆ, ಹೈಸ್ಕೂಲು, ಬ್ಯಾಂಕು ಅಂತ ಜನ ಹೇಗೂ ಆ ದೊಡ್ಡೂರಿಗೆ ಬರುತ್ತಿದ್ದರು, ಬಂದವರು ಹಾಗೇ ಪಂಚಾಯ್ತಿ ಕೆಲಸವನ್ನೂ ಮುಗಿಸಿಕೊಂಡು ಹೋಗಬಹುದಿತ್ತು.

ಇಲ್ಲಿ ಆಡಳಿತ ಬದಲಾಗುವುದು ಹೊಸದೇನಲ್ಲ. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನೇ ನೋಡಿ, ಸುವರ್ಣಗಿರಿ ಅನ್ನುವ ಆಡಳಿತ ಕೇಂದ್ರದಿಂದ ಇಲ್ಲಿನ ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆ ಕಳಿಸಿದ್ದಾರೆ. ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇಲ್ಲಿ ಅಧಿಕಾರಿಗಳಿದ್ದ ಊರೊಂದಿತ್ತು. ಇನ್ನು ನಿಮ್ಮ ರಾಯದುರ್ಗ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು, 1953ರಲ್ಲಿ ಆಂಧ್ರಕ್ಕೆ ಹೋಯಿತು. ಬೀಗತನ ಮಾತ್ರ ಎರಡೂ ಕಡೆ ಹಾಗೇ ಇದೆ.

ಈಗ ನಿಮ್ಮ ತಾತನ ಮನೆಯ ವಿಷಯ. ಕಂದಾಯದ ರಸೀದಿಯ ಮೇಲೆ ಪಕ್ಕದೂರಿನ ಹೆಸರಿನ ಗುಂಡು ಸೀಲು ಇದೆ ಅಂದಿರಿ, ಅದು ತಪ್ಪಲ್ಲ, ಆ ಊರು ಮಂಡಲದ ಕೇಂದ್ರವಾಗಿದ್ದಿರಬೇಕು. ಸುಮ್ನೆ ಈಗಿನ ಪಂಚಾಯ್ತಿಯಲ್ಲಿ ಮಾತ್ರ ಹುಡುಕಬೇಡಿ. ಸೀಲಿನಲ್ಲಿರುವ ಊರಿನ ಪಂಚಾಯ್ತಿಗೂ ಹೋಗಿ, ರಸೀದಿಯ ವರ್ಷ ಹೇಳಿ, ಮಂಡಲದ ಕಾಲದ ಮನೆ ಕಂದಾಯದ ರಿಜಿಸ್ಟರ್ ಕೇಳಿ.