ಬೆಂಗಳೂರಲ್ಲಿ ದಿನಾ ಕಾಟೇಜ್‌ಕೋರ್ ಡ್ರೆಸ್ ಹಾಕಿಕೊಳ್ಳೋಕಾಗುತ್ತಾ?

ಫೋಟೋದಲ್ಲಿ ಚೆಂದ ಕಾಣುವ ಕಾಟೇಜ್‌ಕೋರ್ (ಯುರೋಪಿನ ಹಳೇ ಹಳ್ಳಿ ಬದುಕನ್ನು ನೆನಪಿಸೋ ಸ್ಟೈಲು) ಬಟ್ಟೆಗಳನ್ನು ಬೆಂಗಳೂರಿನ ಆಫೀಸು, ಬಸ್ಸು, ಮಾರ್ಕೆಟ್ಟಿಗೆಲ್ಲ ಹಾಕಿಕೊಂಡು ಹೋಗೋಕಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ಆದರೆ ಫೋಟೋದಲ್ಲಿರೋ ಹಾಗೇ ಅಲ್ಲ. ನಾನು ಒಂದು ಮಳೆಗಾಲ ಪೂರ್ತಿ ಹಾಕಿ ನೋಡಿದ್ದೇನೆ.

ಇದು 2020ರ ಲಾಕ್‌ಡೌನ್‌ನಲ್ಲಿ ಜೋರಾಗಿ ಹಬ್ಬಿದ ಸ್ಟೈಲು. ಸಣ್ಣ ಹೂವಿನ ಪ್ರಿಂಟು, ಪಫ್ ತೋಳು, ಪಾದದವರೆಗೆ ನೆರಿಗೆ, ಕೈಯಲ್ಲೊಂದು ಬೆತ್ತದ ಬುಟ್ಟಿ. ಆಗ ಎಲ್ಲರ ಕಣ್ಣಿಗೆ ಬಿದ್ದ, ಡಿಸೈನರ್ ಲಿರಿಕಾ ಮಟೋಶಿಯವರ ಸ್ಟ್ರಾಬೆರಿ ಡ್ರೆಸ್ಸಿನ ಬೆಲೆ 2020ರಲ್ಲಿ 490 ಡಾಲರ್ ಇತ್ತು. ನಾನು ಚಿಕ್ಕಪೇಟೆಗೆ ಹೋದೆ. 44 ಇಂಚು ಅಗಲದ ಹೂವಿನ ಕಾಟನ್, ನಾಲ್ಕೂವರೆ ಮೀಟರ್. ನಮ್ಮ ಬೀದಿಯ ಟೈಲರ್ ಹತ್ತಿರ ಹೊಲಿಸಿದ್ದೂ ಸೇರಿ ಎರಡು ಸಾವಿರದೊಳಗೆ ಮುಗೀತು.

ಮೊದಲ ದಿನ ಹಾಕಿಕೊಂಡು ಹಾಲಿಗೆ ಬಂದೆ. ಅಮ್ಮ ಸೊಪ್ಪು ಬಿಡಿಸ್ತಾ ಕೂತಿದ್ದರು. ತಲೆ ಎತ್ತಿ ನೋಡಿ, "ನೈಟಿ ಹಾಕ್ಕೊಂಡೇ ಆಫೀಸಿಗೆ ಹೋಗ್ತೀಯೇನೇ?" ಅಂದರು.

ಕೋಪ ಬಂತು. ಆದರೆ ಕನ್ನಡಿ ನೋಡಿದರೆ ಅಮ್ಮ ಹೇಳಿದ್ದು ನಿಜ. ಬೆಳಗ್ಗೆ ಏಳು ಗಂಟೆಗೆ ತಳ್ಳುಗಾಡಿ ಹತ್ತಿರ ಬರುವ ಆಂಟಿಯರದೂ ಇದೇ ವೇಷ ಅಲ್ವಾ? ಅದೇ ಹೂವು, ಎದೆ ಹತ್ತಿರ ಅದೇ ಫ್ರಿಲ್ಲು. ನನ್ನ ಹೆಗಲ ಮೇಲೆ ಒಂದು ಟವೆಲ್ ಇರಲಿಲ್ಲ, ಅಷ್ಟೇ.

ಹಾಗಾಗಿ ನಾನು ಕಲಿತ ಮೊದಲ ವಿಷಯ ಸೊಂಟ. ನೈಟಿ ಎದೆಯಿಂದ ನೇರ ಕೆಳಗೆ ಬೀಳುತ್ತೆ. ಡ್ರೆಸ್ಸು ಸೊಂಟದಲ್ಲಿ ಹಿಡಿದು ನಿಲ್ಲಬೇಕು. ಟೈಲರ್ ಹತ್ತಿರ ವಾಪಸ್ ಹೋಗಿ, ಸೊಂಟಕ್ಕೆ ಕಾಫಿಪುಡಿ ಬಣ್ಣದ ಪ್ಲೇನ್ ಪಟ್ಟಿ ಕೊಡಿಸಿದೆ, ನೆರಿಗೆ ಅಲ್ಲಿಂದ ಶುರುವಾಗುವ ಹಾಗೆ ಮಾಡಿಸಿದೆ. ಆಮೇಲೆ ಅಮ್ಮ ಸುಮ್ನಾದರು. ಎರಡನೇ ಡ್ರೆಸ್ಸಿಗೆ ಬಿಳಿ ಬಿಟ್ಟು ಕಡುಹಸಿರು ಬಟ್ಟೆ ತಗೊಂಡೆ. ಜುಲೈನಲ್ಲಿ ಬಿಳಿ ಅಂಚಿಗೆ ಬೀಳೋ ಕೆಸರು ಒಗೆದವರಿಗೇ ಗೊತ್ತು!

ಉದ್ದದ ವಿಷಯದಲ್ಲಿ ಮಾತ್ರ ಹುಷಾರು. ಒಂದಿನ ತಮ್ಮನ ಬೈಕಲ್ಲಿ ಎರಡೂ ಕಡೆ ಕಾಲು ಹಾಕಿ ಕೂತಿದ್ದೆ. ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಸೀರೆ ಗಾರ್ಡ್ ಇದೆಯಲ್ಲ ಅಂತ ಧೈರ್ಯ. ಆದರೆ ಅದು ಇರೋದು ಎಡಗಡೆ, ಒಂದೇ ಕಡೆ ಕಾಲು ಹಾಕಿ ಕೂರುವವರಿಗೆ ಅಂತ. ಬಲಗಡೆ ಚಕ್ರ ಬಯಲು. ಸಿಗ್ನಲ್ಲಿನಿಂದ ಹೊರಟ ತಕ್ಷಣ ಬಲಗಡೆ ಅಂಚನ್ನು ಯಾರೋ ಹಿಡಿದು ಎಳೆದ ಹಾಗಾಯ್ತು. ತಮ್ಮ ನಿಲ್ಲಿಸಿದ, ಒಂದು ಗೇಣು ಬಟ್ಟೆ ಹರಿದಿತ್ತು. ವೇಗ ಇರಲಿಲ್ಲ, ಬಚಾವಾದೆ. ಈಗ ನನ್ನ ಡ್ರೆಸ್ಸುಗಳೆಲ್ಲ ಪಾದದಿಂದ ಆರು ಇಂಚು ಮೇಲೆ. ಬೈಕ್ ಹತ್ತುವಾಗ ಅಂಚನ್ನು ಒಟ್ಟುಮಾಡಿ ತೊಡೆ ಕೆಳಗೆ ಸಿಕ್ಕಿಸಿಕೊಳ್ಳುತ್ತೇನೆ. ಮೆಟ್ರೋ ಎಸ್ಕಲೇಟರಿನಲ್ಲೂ ಈ ಉದ್ದ ಆರಾಮ.

ಪಫ್ ತೋಳು ಮೊಣಕೈವರೆಗೆ ಇದ್ದರೆ ಸಾಕು, ಜಾಸ್ತಿ ಉಬ್ಬಿದರೆ ಜರ್ಕಿನ್ ಒಳಗೆ ತೂರೋದಿಲ್ಲ. ಜೇಬು ಕೇಳಿ ಇಡಿಸಿಕೊಳ್ಳಿ, ನೆರಿಗೆಯಲ್ಲಿ ಕಾಣೋದೇ ಇಲ್ಲ. ಬುಟ್ಟಿಯ ಆಸೆ ಬಿಡಿ. ರಷ್ ಇರೋ ಬಸ್ಸಲ್ಲಿ ಅದು ಪಕ್ಕದವರ ಸೊಂಟಕ್ಕೆ ಚುಚ್ಚುತ್ತೆ. ನನ್ನದರಲ್ಲಿ ಈಗ ಈರುಳ್ಳಿ ಇದೆ.

ಹಾಂ, ಕಾಟನ್ ಬಟ್ಟೆಯನ್ನು ಹೊಲಿಯೋಕೆ ಕೊಡುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ನಾನು ಮಾಡಿರಲಿಲ್ಲ. ಆ ಮೊದಲ ಡ್ರೆಸ್ಸು ಈಗ ನನ್ನ ತಂಗಿಗೆ ಸರಿಯಾಗಿ ಕೂರುತ್ತೆ.