ಬೇಟೆಯಲ್ಲೇ ಬೆಳೆದ ಅಪ್ಪ ಈಗ ಗೋಡೆ ನೋಡುತ್ತ ಕೂರುತ್ತಾರೆ, ನಾಯಿಗಳನ್ನು ಕೊಟ್ಟುಬಿಡಲೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗೋಕಾಕದ ಕಡೆಯವರು, ಅಪ್ಪನಿಗೆ 72, ಹುಡುಗರಿದ್ದಾಗಿನಿಂದ ಬ್ಯಾಟಿ ಆಡಿದವರು. ಈಗ ಮೊಣಕಾಲು ಹೋಗಿವೆ, ಸಕ್ಕರೆ ಕಾಯಿಲೆ ಇದೆ, ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ. ಎರಡು ಮುಧೋಳ ನಾಯಿಗಳನ್ನು ಯಾರಿಗಾದರೂ ಕೊಟ್ಟುಬಿಟ್ಟರೆ ಹಳೆಯದನ್ನು ಮರೆತಾರು ಅಂತ ನಿಮ್ಮ ಆಲೋಚನೆ. ಕೊಡಬೇಡ್ರಿ. ಯಾಕೆ ಅನ್ನುವುದನ್ನು ನನ್ನ ಮೈಮೇಲೆ ಬಂದದ್ದರಿಂದಲೇ ಹೇಳುತ್ತೇನೆ.

ನನಗೆ 74. ಮುಧೋಳ ತಾಲ್ಲೂಕಿನ ಎರಿ ಹೊಲದವನು. ನಮ್ಮ ಮನೆಯ ಮಕ್ಕಳೆಲ್ಲ ನಾಯಿಯ ಬೆನ್ನು ಹಿಡಿದೇ ನಡೆಯಲು ಕಲಿತವರು. ಹತ್ತು ವರ್ಷದವನಿದ್ದಾಗ ಅಪ್ಪನ ಹಿಂದೆ ಮೊಲದ ಬ್ಯಾಟಿಗೆ ಹೋದೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಅದರ ನಂತರವೂ ಹಬ್ಬಕ್ಕೆ ಊರವರ ಜೊತೆ ಹೋಗಿದ್ದೇನೆ, ಮುಚ್ಚಿಡುವುದಿಲ್ಲ, ಅದು ತಪ್ಪೇ. ಆ ಕಾಯ್ದೆಯನ್ನು ಇನ್ನೂ ಬಿಗಿ ಮಾಡಿದ 1991ರ ತಿದ್ದುಪಡಿಯ ಹೊತ್ತಿಗೆ ಪೂರ್ತಿ ಬಿಟ್ಟೆ. ಕೊಲ್ಲುವುದನ್ನು ಬಿಟ್ಟು 30 ವರ್ಷದ ಮೇಲಾಯಿತು, ಅದಕ್ಕಾಗಿ ಒಂದು ದಿನವೂ ಹಳಹಳಿಸಿಲ್ಲ. ನಸುಕಿನಲ್ಲಿ ಏಳುವುದು, ನಾಯಿ ಬಿಚ್ಚಿಕೊಂಡು ಮಡ್ಡಿಯ ದಿಬ್ಬಕ್ಕೆ ಹೋಗುವುದು, ಮಣ್ಣಿನ ಮೇಲೆ ರಾತ್ರಿ ಯಾರು ಯಾರು ಹಾದುಹೋದರು ಅಂತ ಹೆಜ್ಜೆ ಓದುವುದು, ಇವು ನಿಂತಿರಲಿಲ್ಲ. ನಾನು ಮುರಿದದ್ದು ಮೈ ಒಂದೊಂದಾಗಿ ಇವನ್ನೂ ಕಸಿದುಕೊಳ್ಳಲು ಶುರು ಮಾಡಿದಾಗ.

ಮೊದಲು ಹೋದದ್ದು ಕಿವಿ. ನಾನು ಬಲಭುಜಕ್ಕೆ ಬಂದೂಕು ಹಚ್ಚುವವನು. ಹಾಗೆ ಹಚ್ಚಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಅದಕ್ಕೆ ಎಡಗಿವಿ ಹೆಚ್ಚು ಕೆಡುತ್ತದೆ, ಅದರಲ್ಲೂ ಸಣ್ಣ, ಚೂಪಾದ ದನಿಗಳು ಮೊದಲು ಹೋಗುತ್ತವೆ. ಒಂದು ಸಂಜೆ ಮೊಮ್ಮಗಳು "ಅಜ್ಜಾ, ಜೀರುಂಡಿ ಎಷ್ಟ ಒದರಾಕತ್ತಾವ!" ಅಂದಳು. ನನಗೆ ಹೊಲವೆಲ್ಲ ಸುಮ್ಮನಿತ್ತು. ಅಷ್ಟು ದಿನ ಮನೆಯವರೇ ಬಾಯೊಳಗೆ ಗುನುಗುತ್ತಾರೆ ಅಂತ ಸಿಡುಕುತ್ತಿದ್ದೆ. ನಿಮ್ಮ ಅಪ್ಪ ಮಾತಾಡುವುದಿಲ್ಲ ಅಂದಿರಿ, ಮೊದಲು ಅವರ ಕಿವಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅವರ ಚಲೋ ಕಿವಿಯ ಪಕ್ಕ ಕೂತು, ಮುಖ ಕಾಣುವ ಹಾಗೆ ಮಾತಾಡಿಸಿ.

ಕಣ್ಣಿನ ಪೊರೆ ಸುಲಭದ ಸಂಗತಿ, ತಡ ಮಾಡಬೇಡಿ. ಒಂದು ಕಣ್ಣಿಗೆ ಮಾಡಿಸಿದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಆಕಾಶ ನೋಡಿದೆ. ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಚಹಾದ ಬಣ್ಣ. ಎಷ್ಟು ವರ್ಷ ಚಹಾದೊಳಗಿಂದ ನೋಡುತ್ತಿದ್ದೆನೋ! ಎರಡನೆಯದನ್ನೂ ಬೇಗ ಮಾಡಿಸಿದೆ.

ಪಾದದ ವಿಷಯ ಮಾತ್ರ ಗಮನವಿಟ್ಟು ಓದಿ. ಬ್ಯಾಟಿಯ ನಾಯಿ ಸಾಕಿದವರಿಗೆ ಗೊತ್ತು, ಸಂಜೆ ಮನೆಗೆ ಬಂದ ಮೇಲೆ ನಮ್ಮ ಉಣಿಸಿಗಿಂತ ಮೊದಲ ಕೆಲಸ ನಾಯಿಯ ಕಾಲು ನೋಡುವುದು. ಬೆರಳ ಸಂದಿ ಬಿಡಿಸಿ, ಜಾಲಿಮುಳ್ಳು ಮುರಿದುಕೊಂಡಿದೆಯೇ, ಉಗುರು ಸೀಳಿದೆಯೇ ಅಂತ ತಡವುವುದು. ಐವತ್ತು ವರ್ಷ ಆ ಕೆಲಸ ಮಾಡಿದವನು ನಾನು. ನನ್ನ ಕಾಲನ್ನು ಮಾತ್ರ ಒಂದು ದಿನವೂ ನೋಡಿಕೊಳ್ಳಲಿಲ್ಲ. ಸಕ್ಕರೆ ಬಹಳ ವರ್ಷ ಇದ್ದರೆ ಪಾದದ ನರಗಳು ಮಂಕಾಗುತ್ತವೆ, ಮುಳ್ಳು ಹೊಕ್ಕರೂ ನೋಯುವುದಿಲ್ಲ. ನೋವಿಲ್ಲದ್ದನ್ನು ನಾನು ಗಟ್ಟಿತನ ಅಂದುಕೊಂಡಿದ್ದೆ. ಒಂದು ದಿನ ಚಪ್ಪಲಿಯ ಅಟ್ಟೆಯನ್ನು ತೂರಿ ಜಾಲಿಮುಳ್ಳು ಬಲಗಾಲಿಗೆ ಹೊಕ್ಕಿತ್ತು. ಎಷ್ಟು ದಿನ ಅದರ ಮೇಲೆ ನಡೆದೆನೋ ತಿಳಿಯದು. ನೆಲದ ಮೇಲೆ ಕಲೆ ಕಂಡು ಹೆಂಡತಿ ಕೇಳಿದಳು. ಅಷ್ಟೊತ್ತಿಗೆ ಕೀವು ಒಳಗೆ ಇಳಿದಿತ್ತು. ಹದಿನೆಂಟು ದಿನ ಆಸ್ಪತ್ರೆ, ಕಿರುಬೆರಳು ಹೋಯಿತು.

ಈಗ ಪ್ರತಿ ರಾತ್ರಿ ಮೊಮ್ಮಗಳು ಬ್ಯಾಟರಿ ಹಿಡಿದು ನನ್ನ ಪಾದ ನೋಡುತ್ತಾಳೆ, ನಾಯಿಗೆ ನೋಡಿದ ಹಾಗೆಯೇ, ಬೆರಳ ಸಂದಿ ಬಿಡಿಸಿ. ಅಂಗಾಲು ನಮಗೆ ನಾವೇ ನೋಡಿಕೊಳ್ಳಲು ಬಾಗಲಾಗುವುದಿಲ್ಲ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯುವುದಿಲ್ಲ. ಮುಚ್ಚಿದ ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ನೋಡುತ್ತೇನೆ, ಹರಳು ಇದ್ದರೂ ಕಾಲಿಗೆ ಗೊತ್ತಾಗುವುದಿಲ್ಲವಲ್ಲ. ಬಿಸಿನೀರಿಗೂ ಮೊದಲು ಮೊಣಕೈ, ಆಮೇಲೆ ಕಾಲು.

ಮೊಣಕಾಲು ನನ್ನವೂ ಹೋಗಿವೆ. ಏರುವುದಕ್ಕಿಂತ ಇಳಿಯುವಾಗ ನೋವು ಹೆಚ್ಚು, ಅದಕ್ಕೆ ಮಡ್ಡಿ ಬಿಟ್ಟು ಹಳ್ಳದ ದಂಡೆ ಹಿಡಿದೆ. ಕೋಲನ್ನು ನೋಯುವ ಕಾಲಿನ ಕಡೆ ಹಿಡಿಯಬಾರದು, ಎದುರಿನ ಕೈಯಲ್ಲಿ ಹಿಡಿಯಬೇಕು. ಇದನ್ನು ಯಾರೋ ಹೇಳುವ ತನಕ ಎರಡು ವರ್ಷ ತಪ್ಪಾಗಿ ಹಿಡಿದಿದ್ದೆ.

ನೀವು ಕೇಳಿಲ್ಲ, ಆದರೂ ನಾನು ಕೇಳುತ್ತೇನೆ. ಮನೆಯಲ್ಲಿ ಬಂದೂಕು ಇದೆಯೇ? ನನ್ನ ಹತ್ತಿರ ಬೆಳೆ ರಕ್ಷಣೆಯ ಪರವಾನಗಿಯದೊಂದು ಇತ್ತು, ಕಬ್ಬಿಗೆ ಹಂದಿ ಬಂದರೆ ಸದ್ದು ಮಾಡಿ ಓಡಿಸಲಿಕ್ಕೆ. ಬೆರಳು ಹೋದ ವರ್ಷ ನಿದ್ದೆ ಇರಲಿಲ್ಲ. ಒಂದು ರಾತ್ರಿ ಅದನ್ನು ಗೂಟದಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಯಾಕೆ ಅಂತ ನನಗೆ ಗೊತ್ತಿತ್ತು. ಹೆಂಡತಿ ಎದ್ದು ಬಂದಳು, ಏನೂ ಕೇಳಲಿಲ್ಲ, ಬೆಳಗಾಗುವ ತನಕ ಪಕ್ಕದಲ್ಲೇ ಕೂತಳು. ಮರುದಿನ ಮಗನನ್ನು ಕರೆದುಕೊಂಡು ಹೋಗಿ ಠಾಣೆಯಲ್ಲಿ ಒಪ್ಪಿಸಿ ಬಂದೆ. ನಮ್ಮ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರ ಕೊಡುವುದಿಲ್ಲ ಅಂತ ಕಂಪನಿ ಸರಕಾರದ ಎದುರು ನಿಂತು ಜೀವ ಕೊಟ್ಟವರು. ಆ ಕಥೆ ಕೇಳುತ್ತ ಬೆಳೆದವನಿಗೆ ಹತಾರ ಒಪ್ಪಿಸುವುದು ಎಷ್ಟು ಭಾರ ಅಂತ ನಿಮ್ಮ ಅಪ್ಪನಿಗೆ ಅರ್ಥವಾದೀತು. ಆದರೂ ಕೊಟ್ಟೆ, ಕೊಟ್ಟದ್ದೇ ಒಳ್ಳೆಯದಾಯಿತು. "ಇನ್ನ ಇದ್ದು ಏನ್ ಮಾಡೋದೈತಿ" ಅನ್ನುವ ಮಾತು ಅವರ ಬಾಯಲ್ಲಿ ಬಂದಿದ್ದರೆ ಅದನ್ನು ಮುದುಕರ ಗೊಣಗಾಟ ಅಂತ ತಳ್ಳಿಹಾಕಬೇಡಿ. ಬಂದೂಕು ಮನೆಯಿಂದ ಹೊರಗೆ ಹೋಗಲಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಪರವಾಗಿ ಮೊದಲು ಫೋನ್ ಮಾಡಿದವನು ನನ್ನ ಮಗ. ನಾನು ಮಾತಾಡಿದ್ದು ಮೂರನೆಯ ಸಲಕ್ಕೆ.

ಇನ್ನು ನಾಯಿ. ನಮ್ಮಲ್ಲೊಂದು ಹೆಣ್ಣು ನಾಯಿ ಇತ್ತು, ಚಂದ್ರಿ. ಎಳೆಯ ವಯಸ್ಸಿನಲ್ಲಿ ಮೊಲದ ಬಾಲಕ್ಕೆ ಬಾಯಿ ಹಾಕುವಷ್ಟು ಓಟ. ಮುದಿಯಾದ ಮೇಲೆ ಓಡುವುದನ್ನೇ ಬಿಟ್ಟಿತು. ಎಳೆಯ ನಾಯಿಗಳು ಧೂಳೆಬ್ಬಿಸಿ ಹೋದರೆ ಇದು ಕಂಟಿಯ ಪಕ್ಕ ಸುಮ್ಮನೆ ನಿಲ್ಲುತ್ತಿತ್ತು. ಮೊಲ ಸುತ್ತು ಹೊಡೆದು ತನ್ನ ಜಾಗಕ್ಕೇ ತಿರುಗಿ ಬರುತ್ತದೆ ಅನ್ನುವುದು ಅದಕ್ಕೆ ತಿಳಿದಿತ್ತು. ಅಪ್ಪ ಅದನ್ನು ತೋರಿಸಿ "ಕಾಲು ಹೋದ್ರ ತಲಿ ಬರತೈತಿ ನೋಡ" ಅನ್ನುತ್ತಿದ್ದರು. ಆಗ ನನಗೆ ಇಪ್ಪತ್ತೈದು, ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ನಾನೂ ಕೂರುತ್ತೇನೆ. ನಸುಕಿನಲ್ಲಿ ಮೊಮ್ಮಗ ಬೈಕಿನಲ್ಲಿ ಹಳ್ಳದವರೆಗೆ ಬಿಡುತ್ತಾನೆ. ಜೇಬಿನಲ್ಲಿ ಬೆಲ್ಲದ ಚೂರು, ಸಕ್ಕರೆ ಇಳಿದರೆ ಬೇಕು. ಪಕ್ಕದಲ್ಲಿ ಚಂದ್ರಿಯ ಪೀಳಿಗೆಯ ಒಂದು ನಾಯಿ, ಹಗ್ಗ ನನ್ನ ಕೈಯಲ್ಲೇ. ಬಿಡುವುದಿಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಕಾಯ್ದೆಯ ಪ್ರಕಾರ ಬೇಟೆಯೇ. ನಡೆಯುತ್ತಿದ್ದ ಕಾಲದಲ್ಲಿ ಪ್ರಾಣಿಗಳ ಬೆನ್ನನ್ನೇ ಹೆಚ್ಚು ನೋಡಿದ್ದೆ. ಕೂತ ಮೇಲೆ ಮುಖ ಕಾಣುತ್ತಿದೆ. ಕೌಜಗ ಮರಿಗಳನ್ನು ಕಟ್ಟಿಕೊಂಡು ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುತ್ತದೆ. ಅದರ ಕೂಗು ಬಲಗಿವಿಗೆ ಇನ್ನೂ ಕೇಳುತ್ತದೆ. ವರ್ಷಕ್ಕೊಮ್ಮೆ ಮಗ ಕಾರಿನಲ್ಲಿ ಯಡಹಳ್ಳಿಯ ಚಿಂಕಾರ ಅನ್ನುವ ಹುಲ್ಲೆಗಳ ಧಾಮದ ಕಡೆ ಕರೆದೊಯ್ಯುತ್ತಾನೆ, ನಾಯಿಯನ್ನು ಮನೆಯಲ್ಲೇ ಬಿಟ್ಟು. ಹೋದ ಸಲ ಮೂರು ಚಿಂಕಾರ ಕಂಡವು. ಕೋಡಿರುವುದೆಲ್ಲ ಗಂಡು ಅಂತ ಮೊಮ್ಮಗ ಲೆಕ್ಕ ಹಾಕಿದ್ದ, ಹೆಣ್ಣಿಗೂ ಸಣ್ಣ ಕೋಡು ಇರುತ್ತವೆ ಅಂತ ತೋರಿಸಿದೆ. ಅಂದು ಸಂಜೆಯವರೆಗೆ ಅವನ ಪ್ರಶ್ನೆ ಮುಗಿಯಲಿಲ್ಲ.

ನಿಮ್ಮ ಅಪ್ಪನಿಗೂ ಹೆಜ್ಜೆ ಓದಲು ಬರುತ್ತದೆ. ಅದನ್ನು ಅವರಿಂದ ಇನ್ನೂ ಯಾರೂ ಕೇಳಿಲ್ಲ ಅಂತ ನನ್ನ ಅಂದಾಜು. ನಾಯಿಗಳು ಅಲ್ಲೇ ಇರಲಿ, ಹಗ್ಗ ಅವರ ಕೈಯಲ್ಲೇ ಇರಲಿ. ನಾಯಿ ಜಗ್ಗಿದರೆ ಬಿದ್ದಾರು ಅನ್ನಿಸಿದರೆ ಎರಡರಲ್ಲಿ ಮುದಿಯದನ್ನು ಮಾತ್ರ ಅವರಿಗೆ ಕೊಟ್ಟು, ಎಳೆಯದನ್ನು ನೀವು ಹಿಡಿದು ಜೊತೆಗೆ ನಡೆಯಿರಿ. ಇವತ್ತು ರಾತ್ರಿ ಊಟವಾದ ಮೇಲೆ ಬ್ಯಾಟರಿ ತಗೊಂಡು ಅವರ ಪಾದ ನೋಡಿ. ಬೇಡ ಅಂತಾರೆ, ಕಾಲು ಎಳೆದುಕೊಳ್ಳುತ್ತಾರೆ. ನಾನೂ ಎಳೆದುಕೊಂಡಿದ್ದೆ. ಆದರೂ ನೋಡಿ.